ಹಾಸಿಗೆ ಹಿಡಿದವರನ್ನು ಇನ್ನು ಒಬ್ಬರೇ ಎತ್ತುವುದಿಲ್ಲ

ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ಒಂದು ಬದಲಾವಣೆ ಇದೆ. ಕಾಲೂರಿ ನಿಲ್ಲಲಾಗದ ಹಿರಿಯರನ್ನು ಮಂಚದಿಂದ ವೀಲ್‌ಚೇರ್‌ಗೆ, ಅಲ್ಲಿಂದ ಬಚ್ಚಲಿಗೆ ಕರೆದೊಯ್ಯುವಾಗ ಇಬ್ಬರು ಇರಲೇಬೇಕು. ಬೆಳಿಗ್ಗೆ ಸ್ನಾನದ ಹೊತ್ತಿಗೆ ಎರಡನೆಯವರನ್ನು ನಮ್ಮ ಹೋಂ ನರ್ಸ್‌ಗಳ ಸಂಘವೇ ಕಳಿಸುತ್ತದೆ. ಇದಕ್ಕೆ ದಿನಕ್ಕೆ 150 ರೂಪಾಯಿ ಜಾಸ್ತಿ ಆಗುತ್ತದೆ. ಮನೆಯವರೇ ಒಬ್ಬರು ಕೈ ಹಚ್ಚುವುದಾದರೆ ಆ ಹಣ ಬೇಡ. ಹೇಗೆ ಹಿಡಿಯಬೇಕು ಅಂತ ನಮ್ಮವರು ತೋರಿಸಿಕೊಡುತ್ತಾರೆ.

ಕಾರಣ ನಿಮಗೂ ಗೊತ್ತಿರಬಹುದು. ನಮ್ಮ ಹೋಂ ನರ್ಸ್‌ಗಳಲ್ಲಿ ಸೊಂಟ ನೋವಿಲ್ಲದವರನ್ನು ಹುಡುಕಬೇಕು. ಸೊಂಟ ಇಲ್ಲದಿದ್ದರೆ ಭುಜ, ಇಲ್ಲವೇ ಕುತ್ತಿಗೆ. ಮುಲಾಮು ತಿಕ್ಕಿಕೊಂಡು, ಮಾತ್ರೆ ನುಂಗಿಕೊಂಡು ಡ್ಯೂಟಿಗೆ ಬರುತ್ತಾರೆ. ನೋವು ಅಂದರೆ ಮನೆಯವರು ಬೇರೆಯವರನ್ನು ಕೇಳಿಬಿಡುತ್ತಾರೆ ಅನ್ನುವ ಭಯ.

‘ನಮ್ಮಜ್ಜಿ ಇರೋದೇ 45 ಕೆ.ಜಿ., ಅಷ್ಟಕ್ಕೆ ಇಬ್ಬರು ಬೇಕಾ?’ ಅಂತ ಕೆಲವರು ಕೇಳಿದ್ದಾರೆ. ಅಕ್ಕಿ ಮೂಟೆಯಾದರೆ ಎದೆಗೆ ಅವಚಿಕೊಂಡು ಎತ್ತಬಹುದು. ಅಜ್ಜಿ ಹೆದರುತ್ತಾರೆ, ಜಾರುತ್ತಾರೆ, ಥಟ್ಟನೆ ಕತ್ತು ಹಿಡಿದುಕೊಳ್ಳುತ್ತಾರೆ. ಮಂಚ ತಗ್ಗಾಗಿದ್ದರೆ ಬಗ್ಗಿ, ಕೈ ಮುಂದೆ ಚಾಚಿಯೇ ಎತ್ತಬೇಕು. ಭಾರ ಮೈಯಿಂದ ದೂರ ಹೋದಷ್ಟೂ ಬೆನ್ನಿನ ಮೇಲೆ ಬೀಳುವ ಒತ್ತಡ ಏರುತ್ತದೆ. ರೋಗಿಯನ್ನು ಕೈಯಲ್ಲಿ ಎತ್ತುವಾಗ, ಎಲ್ಲ ಅನುಕೂಲ ಇದ್ದರೂ, ಒಬ್ಬರ ಮೇಲೆ 35 ಪೌಂಡ್, ಅಂದರೆ ಸುಮಾರು 16 ಕೆ.ಜಿ.ಗಿಂತ ಜಾಸ್ತಿ ಭಾರ ಬೀಳಬಾರದು ಎಂಬುದು ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್‌ನ ಸಲಹೆ. ಅಜ್ಜಿಯ ಎರಡು ಕಾಲು ಸೇರಿದರೇ ಹೆಚ್ಚುಕಡಿಮೆ ಅಷ್ಟಾಗುತ್ತದೆ!

ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳಲಿ ಅನ್ನುವವರೂ ಇದ್ದಾರೆ. ಆರೋಗ್ಯವಂತ ಕೆಲಸಗಾರರಿಗೆ ಬೆಲ್ಟ್ ಪೆಟ್ಟು ತಪ್ಪಿಸುತ್ತದೆ ಅನ್ನಲು ಸಾಕಷ್ಟು ಆಧಾರ ಇಲ್ಲ ಅಂತ ಅದೇ ಸಂಸ್ಥೆ 1994ರಲ್ಲೇ ಹೇಳಿತ್ತು. ಸುಮ್ನೆ ದುಡ್ಡು ದಂಡ.

ಇದು ನಮ್ಮವರಿಗೆ ಮಾತ್ರ ಅನುಕೂಲ ಅಂದುಕೊಳ್ಳಬೇಡಿ. ಒಬ್ಬರೇ ಎತ್ತುವಾಗ ಕಂಕುಳಿಗೆ ಕೈ ಹಾಕಿ ಎಳೆಯುವುದೇ ರೂಢಿ. ಲಕ್ವ ಹೊಡೆದವರ ಭುಜಕ್ಕೆ ಇದರಿಂದ ಪೆಟ್ಟಾಗುತ್ತದೆ.

ಮಗ್ಗುಲು ಬದಲಿಸಲು, ಮೇಲಕ್ಕೆ ಸರಿಸಲು ಸ್ಲೈಡ್ ಶೀಟ್ ಕೊಡುತ್ತೇವೆ. ನುಣುಪಾದ ಬಟ್ಟೆ, ಮೈ ಕೆಳಗೆ ಹಾಕಿದರೆ ಎತ್ತದೆಯೇ ಸರಿಸಬಹುದು. ಅದಕ್ಕೆ ಹಣ ಇಲ್ಲ. ಕೆಲಸ ಮುಗಿದ ಕೂಡಲೇ ತೆಗೆದಿಡಿ, ಇಲ್ಲದಿದ್ದರೆ ಮಲಗಿದವರೇ ಜಾರಿಯಾರು.

ಮಂಚದ ವಿಷಯ ಸ್ವಲ್ಪ ನೋಡಿ. ಪೂರ್ತಿ ಮಲಗಿದವರಿಗೆ ಎತ್ತರ ಏರಿಳಿಸುವ ಆಸ್ಪತ್ರೆ ಮಂಚ ಒಳ್ಳೆಯದು, ಸರ್ಜಿಕಲ್ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಎದ್ದು ಓಡಾಡುವವರ ಮಂಚವನ್ನು ಮಾತ್ರ ಎತ್ತರ ಮಾಡಬೇಡಿ. ಕೂತಾಗ ಪಾದ ನೆಲಕ್ಕೆ ಊರಬೇಕು, ಇಲ್ಲದಿದ್ದರೆ ಬೀಳುತ್ತಾರೆ.

ಇನ್ನೊಂದು ಮಾತು. ಹಿರಿಯರ ಬಟ್ಟೆ ಒಗೆಯುವುದು, ಅವರ ಕೋಣೆ ಒರೆಸುವುದು ನಮ್ಮ ಕೆಲಸವೇ. ಇಡೀ ಮನೆಯ ನೆಲ ಒರೆಸುವುದು ಅಲ್ಲ. ಒಪ್ಪಂದದಲ್ಲಿ ಮೊದಲಿನಿಂದಲೂ ಹೀಗೇ ಇದೆ, ಅಲ್ವಾ?

ಎರಡನೆಯವರು ಬೇಕೋ, ಮನೆಯವರೇ ಇರುತ್ತೀರೋ ಎಂಬುದನ್ನು ಈ ತಿಂಗಳ 25ರೊಳಗೆ ಕಚೇರಿಗೆ ಫೋನ್ ಮಾಡಿ ತಿಳಿಸಿ. ಹಣದ್ದೇ ತೊಂದರೆಯಾದರೆ ಅದನ್ನೂ ಹೇಳಿ, ಸ್ನಾನದ ದಿನಗಳನ್ನು ಹೊಂದಿಸಿಕೊಳ್ಳೋಣ.

ಇಂತಿ,
ಕಾರ್ಯದರ್ಶಿ, ಸಂಘದ ಸದಸ್ಯರೆಲ್ಲರ ಪರವಾಗಿ