ಎಸ್.ಪಿ. ರಸ್ತೆಯ ಆ ಹಿರಿಯರಿಗೆ

ಅಪ್ಪ ಅಮೆರಿಕದಿಂದ ತಂದಿದ್ದ ಹಳೇ ಸ್ಪೀಕರ್ ಹೊತ್ತುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದೆ. ಅದರ ಮೇಲಿನ ಬ್ರ್ಯಾಂಡ್ ಹೆಸರು ಯಾವಾಗಲೋ ಬಿದ್ದುಹೋಗಿತ್ತು. ಅಂಗಡಿಯಲ್ಲಿದ್ದ ಹಿರಿಯರೊಬ್ಬರು, "ಕೊಡಮ್ಮ, ನೋಡೋಣ" ಅಂತ ತಾವೇ ಸ್ಕ್ರೂ ಬಿಚ್ಚಿ ವೂಫರ್ (ದಪ್ಪ ದನಿ ಹೊರಡಿಸುವ ಭಾಗ) ಹೊರತೆಗೆದರು. ಹಿಂಬದಿಯ ಧೂಳು ಒರೆಸಿದಾಗ ಅಂಕಿಗಳು ಕಂಡವು: 137 7318.

137 ಅಂದರೆ ತಯಾರಿಸಿದ್ದು ಅಮೆರಿಕದ ಸಿಟಿಎಸ್ ಕಂಪನಿ. 7318 ಅಂದರೆ 1973ರ 18ನೇ ವಾರ. "ಇದು ವೂಫರ್ ವಯಸ್ಸು. ಪೆಟ್ಟಿಗೆಗೆ ಕೂರಿಸಿದ್ದು ಆಮೇಲೆ. ಸಿಟಿಎಸ್ ಬೇರೆ ಬ್ರ್ಯಾಂಡ್‌ಗಳಿಗೂ ಮಾಡಿಕೊಡ್ತಿತ್ತು, ಇಷ್ಟರಿಂದಲೇ ಬ್ರ್ಯಾಂಡ್ ಹೇಳೋಕಾಗಲ್ಲ" ಅಂದರು. ಎಷ್ಟು ಪ್ರಾಮಾಣಿಕ ಮಾತು, ಅಲ್ವಾ!

ವೂಫರ್ ಅಂಚಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತಿತ್ತು. "ಸುಮ್ನೆ ವೂಫರ್ ಎಸೀಬೇಡಿ, ಫೋಮ್ ಮಾತ್ರ ಬದಲಿಸಿ" ಅಂದರು. ಹಾಗೇ ಮಾಡಿಸಿದೆ. ನಾನು ಹೆಸರು ಕೇಳುವಷ್ಟರಲ್ಲಿ ಅವರು ಹೊರಟಿದ್ದರು.

ಸರ್, ನಿನ್ನೆ ಅಮ್ಮ ಅದರಲ್ಲೇ ಹಾಡು ಕೇಳಿದರು. ನಿಮಗೆ ತುಂಬಾ ಥ್ಯಾಂಕ್ಸ್.