ನರೇಗಲ್ಲಿನ ಆ ಹುಡುಗಿಯ ಬಗ್ಗೆ

ಮಿನಿಯಾಪೊಲಿಸ್, ನವೆಂಬರ್ 9

ಪ್ರೀತಿಯ ಅಕ್ಕ,

ನಾನು ಇಲ್ಲಿ ಆರಾಮ ಇದ್ದೇನೆ. ನೀವೆಲ್ಲ ಹೇಗಿದ್ದೀರಿ? ಹಿಂಗಾರಿ ಕಡಲೆ ಬಿತ್ತಿ ಆಯಿತೇನು? ಇಲ್ಲಿ ಹಿಮ ಬೀಳಲು ಶುರುವಾಗಿದೆ. ಈ ಪತ್ರವನ್ನು ಅಪ್ಪ-ಅವ್ವನಿಗೂ ಓದಿ ಹೇಳು. ಅಪ್ಪನ ಮಾತೂ ಇದರಲ್ಲಿದೆ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ, ನಿಮ್ಮ ಕಾಲೇಜಿನ ಆ ನರೇಗಲ್ಲಿನ ಹುಡುಗಿ ತಲೆಯಿಂದ ಹೋಗುತ್ತಿಲ್ಲ. ಪಿಯುಸಿಯಲ್ಲಿ ಅಷ್ಟು ಚೆನ್ನಾಗಿ ಪಾಸಾದವಳು ಬಿಎಸ್ಸಿಗೆ ಸೇರಿ ಎರಡೇ ತಿಂಗಳಿಗೆ ಊರಿಗೆ ಹೋಗಿಬಿಟ್ಟಳು ಅಂದೆ. "ಅವಳಿಗೆ ಇಂಗ್ಲಿಷ್ ತಲೆಗೆ ಹತ್ತಲಿಲ್ಲ" ಅಂತ ಸ್ಟಾಫ್ ರೂಮಿನಲ್ಲಿ ಮಾತು ಮುಗಿಸಿದರಂತೆ. ನನಗೆ ಹಾಗೆ ಅನಿಸುವುದಿಲ್ಲ. ಇದು ನನ್ನಂಥವರ ಜಾಗ ಅಲ್ಲ ಅಂತ ಅವಳಿಗೆ ಅನಿಸಿದೆ. ಇಂಗ್ಲಿಷ್ ಹೇಗೋ ಕಲಿಯಬಹುದು. ಈ ಭಾರ ಹೊತ್ತುಕೊಂಡು ದಿನಾ ಕ್ಲಾಸಿನಲ್ಲಿ ಕೂರುವುದು ಬಹಳ ಕಷ್ಟ.

ನೆನಪಿದೆಯಾ, ಧಾರವಾಡಕ್ಕೆ ಪಿಯು ಓದಲು ಹೋದ ಹದಿನೆಂಟನೇ ದಿನ ನಾನು ಟ್ರಂಕ್ ಹೊತ್ತು ವಾಪಸ್ ಬಂದಿದ್ದು? ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದ್ದಕ್ಕೆ ಕ್ಲಾಸಿಗೆ ಕ್ಲಾಸೇ ನಕ್ಕಿತ್ತು. ಸರ್ ಕೂಡ ನಕ್ಕಿದ್ದರು. ಅಪ್ಪ ಗದಗ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಬೈಯಲಿಲ್ಲ. ನನ್ನನ್ನು ಟ್ರಂಕಿನ ಮೇಲೆ ಕೂರಿಸಿ, ಗಿರಮಿಟ್ಟಿನ ಪೊಟ್ಟಣ ಬಿಚ್ಚಿ, ಹಸಿಮೆಣಸಿನಕಾಯಿ ಒಂದೊಂದೇ ಆರಿಸಿ ತೆಗೆದು ಕೈಗಿಟ್ಟ. "ನಾನೂ ಮುರುಘಾಮಠದ ಪ್ರಸಾದ ನಿಲಯದಿಂದ ಮೂರು ಸಲ ಓಡಿ ಬಂದಿದ್ದೆ. ನಾಲ್ಕನೇ ಸಲ ಓಡಬೇಕು ಅನಿಸಲೇ ಇಲ್ಲ" ಅಂದ. ಸಂಜೆ ಬಸ್ಸಿಗೆ ನಾನು ತಿರುಗಿ ಧಾರವಾಡಕ್ಕೆ ಹೋದೆ.

ಇಲ್ಲಿ ನಮ್ಮ ಕಾಲೇಜಿನಲ್ಲಿ ಈ ವರ್ಷ ನಾವು ಎಂಟು ಜನ ಅಧ್ಯಾಪಕರು, ಇಂಥ ಮಕ್ಕಳಿಗೆ ಹೇಗೆ ಕಲಿಸಬೇಕು ಅಂತ ಮಾತಾಡಲು, ಹದಿನೈದು ದಿನಕ್ಕೊಮ್ಮೆ ಗುರುವಾರ ಸಂಜೆ ಸೇರುತ್ತೇವೆ. ಗಣಿತ, ಕೆಮಿಸ್ಟ್ರಿ, ನರ್ಸಿಂಗ್, ಇತಿಹಾಸ, ಹೀಗೆ ಬೇರೆ ಬೇರೆ ವಿಭಾಗದವರು. ಮೊದಲ ದಿನವೇ ಇತಿಹಾಸದ ಮೇಡಂ ನನ್ನ ಸ್ಟ್ಯಾಟಿಸ್ಟಿಕ್ಸ್ ಹೋಮ್‌ವರ್ಕ್ ಹಾಳೆ ಓದಿ, "ಇದನ್ನು ಯಾಕೆ ಮಾಡಬೇಕು ಅಂತ ಎಲ್ಲಿ ಬರೆದಿದ್ದೀರಿ?" ಅಂದರು. ಎಲ್ಲೂ ಬರೆದಿರಲಿಲ್ಲ. ಈಗ ಪ್ರತಿ ಹಾಳೆಯ ಮೇಲೆ ಮೂರು ಸಾಲು ಬರೆಯುತ್ತೇನೆ: ಇದು ಯಾಕೆ, ಏನು ಮಾಡಬೇಕು, ಮಾರ್ಕ್ಸ್ ಯಾವುದಕ್ಕೆ. ಓದಿದವರ ಮನೆಯ ಹುಡುಗರು ಇದನ್ನೆಲ್ಲ ಮನೆಯಲ್ಲೇ ಕೇಳಿಕೊಂಡು ಬಂದಿರುತ್ತಾರೆ. ಉಳಿದವರಿಗೆ ನಾವಲ್ಲದೆ ಯಾರು ಹೇಳಬೇಕು?

ಇನ್ನೊಂದು ಹೇಳುತ್ತೇನೆ ಕೇಳು. ಇಲ್ಲಿ ಕಲಿಸುವವರು ವಾರಕ್ಕೆ ಒಂದೆರಡು ತಾಸು 'ಆಫೀಸ್ ಅವರ್ಸ್' ಅಂತ ಇಡುತ್ತಾರೆ. ಹುಡುಗರು ಬಂದು ಅರ್ಥವಾಗದ್ದನ್ನು ಕೇಳಲಿ ಅಂತ. ಸೋಮಾಲಿ ಮನೆತನದ ಒಬ್ಬ ಹುಡುಗ ಮೊದಲ ಟೆಸ್ಟಿನಲ್ಲಿ ಫೇಲಾದ. ಒಂದು ಸಲವೂ ಯಾಕಪ್ಪಾ ಬರಲಿಲ್ಲ ಅಂದೆ. "ಅದು ನೀವು ಆಫೀಸ್ ಕೆಲಸ ಮಾಡುವ ಹೊತ್ತು, ತೊಂದರೆ ಕೊಡಬಾರದು ಅಂದುಕೊಂಡಿದ್ದೆ" ಅಂದ. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೇ ಮೊದಲು. ಗುರುವಾರ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮರುದಿನ ಎಂಟೂ ಬಾಗಿಲುಗಳ ಬೋರ್ಡು ಬದಲಾಯಿತು: 'ವಿದ್ಯಾರ್ಥಿಗಳಿಗಾಗಿ ಇಟ್ಟ ಸಮಯ, ಒಳಗೆ ಬನ್ನಿ.' ಈಗ ಬುಧವಾರ ನನ್ನ ರೂಮಿನಲ್ಲಿ ಕುರ್ಚಿ ಸಾಲುವುದಿಲ್ಲ.

ಅಪ್ಪ ಮಾಡಿದ್ದಕ್ಕೆ ಇಲ್ಲಿ ಸಂಶೋಧನೆಯೂ ನಡೆದಿದೆ. 2011ರಲ್ಲಿ ವಾಲ್ಟನ್ ಮತ್ತು ಕೋಹೆನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದು. ಹೊಸಬರಿಗೆ ಸೀನಿಯರ್‌ಗಳ ಅನುಭವ ಓದಿಸಿದರು. ನಮಗೂ ಮೊದಲು ಇಲ್ಲಿ ಹೊಂದುತ್ತೇವೋ ಇಲ್ಲವೋ ಅಂತ ಭಯವಿತ್ತು, ಬರಬರುತ್ತಾ ಹೋಯಿತು ಅಂತ. ಸುಮಾರು ಒಂದು ತಾಸಿನ ಕೆಲಸ. ಮುಂದಿನ ಮೂರು ವರ್ಷ ಕಪ್ಪು ವಿದ್ಯಾರ್ಥಿಗಳ ಅಂಕ ಏರಿತು, ಬಿಳಿಯರಿಗೂ ಅವರಿಗೂ ಇದ್ದ ಅಂತರ ಅರ್ಧಕ್ಕೆ ಇಳಿಯಿತು. 2023ರಲ್ಲಿ 22 ಕಾಲೇಜುಗಳ ಮೇಲೆ ಇಂಥದ್ದೇ ದೊಡ್ಡ ಪ್ರಯೋಗ ಬಂತು. ಅಂಥ ಮಕ್ಕಳಿಗೆ ಬೆರೆಯಲು ನಿಜವಾಗಿ ಅವಕಾಶ ಇರುವ ಕಾಲೇಜಿನಲ್ಲಿ ಮಾತ್ರ ಇದರಿಂದ ಉಪಯೋಗವಾಗುತ್ತದೆ ಅಂತ ಗೊತ್ತಾಯಿತು. ಅದಕ್ಕೇ ನಾನು, ನಿಮ್ಮ ಕಾಲೇಜಿನಲ್ಲೂ ಕಲಿಸುವವರು ಕೆಲವರು ಒಟ್ಟಿಗೆ ಕೂರಿ ಅನ್ನುವುದು. ನೀನೊಬ್ಬಳೇ ಪ್ರೀತಿಯಿಂದ ಮಾತಾಡಿಸಿದರೆ, ಉಳಿದ ಪೀರಿಯಡ್‌ಗಳಲ್ಲಿ ಆ ನರೇಗಲ್ಲಿನ ಹುಡುಗಿ ಮತ್ತೆ ತಲೆ ತಗ್ಗಿಸಿಯೇ ಕೂರಬೇಕಲ್ವಾ?

ಒಂದು ಕ್ಲಾಸಿಗೆ ನೂರು ಹುಡುಗರು, ಪೋರ್ಷನ್ ಮುಗಿಯುವುದಿಲ್ಲ ಅಂತೀಯ. ಗೊತ್ತು. ಹಾಗಿದ್ದರೆ ಇಷ್ಟು ಮಾಡು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸು. ಮೇರಿ ಬಡ್ ರೋ ಎಂಬುವವರು 1970ರ ದಶಕದಲ್ಲೇ ಶಾಲೆಗಳಲ್ಲಿ ನೋಡಿ ಬರೆದಿದ್ದಾರೆ. ಕಲಿಸುವವರು ಸುಮಾರು ಒಂದೇ ಸೆಕೆಂಡು ಕಾಯುತ್ತಾರಂತೆ. ಮೂರು ಸೆಕೆಂಡು ಕಾದರೆ ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ನಮ್ಮ ಕೆಮಿಸ್ಟ್ರಿ ಸರ್ ಮೊದಲು, "ಮಟ್ಟ ಇಳಿಸಬೇಡಿ" ಅಂತ ಜಗಳ ಆಡಿದ್ದರು. ನಾವು ಪರೀಕ್ಷೆಯ ಒಂದು ಪ್ರಶ್ನೆಯನ್ನೂ ಸುಲಭ ಮಾಡಲಿಲ್ಲ. ಅವರೂ ಈಗ ಎಣಿಸುತ್ತಾರೆ.

ನಿಮ್ಮಲ್ಲಿ ನಾಲ್ಕು ಜನ ಸಿಕ್ಕರೂ ಸಾಕು. ಶನಿವಾರ ಚಹಾದ ಹೊತ್ತಿಗೆ ಕೂರಿ. ಯಾರು ಕ್ಲಾಸಿಗೆ ಬರುತ್ತಿಲ್ಲ ಅಂತ ನಾಲ್ಕೂ ಹಾಜರಿ ಪುಸ್ತಕ ಜೋಡಿಸಿ ನೋಡಿ.

ಈ ಭಾನುವಾರವೇ ಅಪ್ಪನನ್ನು ಕರೆದುಕೊಂಡು ನರೇಗಲ್ಲಿಗೆ ಹೋಗಿ ಬಾ. ತಡ ಮಾಡಿದರೆ ಹಾಜರಿ ಕಡಿಮೆ ಬಿದ್ದು ಪರೀಕ್ಷೆಗೇ ಕೂರಿಸುವುದಿಲ್ಲ. ಟ್ರಂಕಿನ ಕಥೆ ಅಪ್ಪನೇ ಹೇಳಲಿ, ಮೂರು ಸಲ ಓಡಿ ಬಂದದ್ದನ್ನೂ ಸೇರಿಸಿ. ಅವಳು ಏನಂದಳು ಅಂತ ರಾತ್ರಿ ಎಷ್ಟೇ ಹೊತ್ತಾದರೂ ಫೋನ್ ಮಾಡು. ಅವ್ವನಿಗೆ ಹೇಳು, ಶೇಂಗಾ ಚಟ್ನಿ ಇನ್ನೂ ಅರ್ಧ ಡಬ್ಬಿ ಇದೆ.

ನಿನ್ನ ತಂಗಿ