ನೀನು ಕೊಟ್ಟ ರಾಕ್ ಬಿರುಕು ಬಿಟ್ಟಿತು

ಪ್ರೀತಿಯ ಗೆಳೆಯ,

ಕೆಟ್ಟ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ. ತಟ್ಟೆ ಎಸೆದು ಬುಟ್ಟಿಗೆ ಬೀಳಿಸುವ ನಮ್ಮ ಡಿಸ್ಕ್ ಗಾಲ್ಫ್ ಆಟಕ್ಕೆಂದು ನೀನು ಕೊಟ್ಟ ‘ರಾಕ್’ ಎಂಬ ಡಿಸ್ಕ್ ಹೋದ ತಿಂಗಳು ಏಳನೇ ಬುಟ್ಟಿಯ ದಾರಿಯಲ್ಲಿ ಮರಕ್ಕೆ ಬಡಿದು ಬಿರುಕು ಬಿಟ್ಟಿತು. ಹೌದು, ಕಾಗೆಯ ಮರವೇ. ಉಳಿದವರೂ ಓದುತ್ತಿದ್ದಾರೆ, ಕಾಗೆಯ ಕಥೆ ಇಲ್ಲಿ ಬೇಡ.

ಎಂಟು ವರ್ಷ ಅದನ್ನು ಎಸೆದೆ. ಬಂದ ಹೊಸದರಲ್ಲಿ ಎಷ್ಟು ಹಟಮಾರಿಯಾಗಿತ್ತು! ಬಲಗೈ ಬ್ಯಾಕ್‌ಹ್ಯಾಂಡ್‌ನಲ್ಲಿ ಬಿಟ್ಟರೆ ನೆಟ್ಟಗೆ ಹೊರಟು, ವೇಗ ತಗ್ಗಿದೊಡನೆ ಎಡಕ್ಕೆ ವಾಲಿ ಇಳಿಯುತ್ತಿತ್ತು. ಸ್ಪೀಡ್ (ವೇಗ) 4, ಗ್ಲೈಡ್ (ತೇಲುವಿಕೆ) 4, ಟರ್ನ್ (ಮೊದಲ ಬಲವಾಲು) 0, ಫೇಡ್ (ಕೊನೆಯ ಎಡವಾಲು) 3: ತಯಾರಕರು ಕೊಟ್ಟ ಆ ಅಂಕಿಗಳು ಹುಟ್ಟಿದಾಗಿನ ಜಾತಕ ಅಷ್ಟೇ. ಆಮೇಲಿನದನ್ನು ಬರೆದದ್ದು ಮರಗಳು.

1983ರಲ್ಲಿ ಡಿಸ್ಕ್ ವಿನ್ಯಾಸಕ ಡೇವ್ ಡುನಿಪೇಸ್ ‘ಈಗಲ್’ ಎಂಬ ಡಿಸ್ಕಿಗೆ ಓರೆಯಾದ ಅಂಚು ಕೊಟ್ಟಂದಿನಿಂದ ಈ ಆಟದ ಜೀವವೆಲ್ಲ ಅಂಚಿನಲ್ಲಿದೆ. ವೇಗವಾಗಿ ಹಾರುವಾಗ ಗಾಳಿ ಡಿಸ್ಕಿನ ಮೂತಿಯನ್ನು ಕೆಳಕ್ಕೆ ಒತ್ತಲು ನೋಡುತ್ತದೆ, ನಿಧಾನವಾದಾಗ ಮೇಲಕ್ಕೆ ಎತ್ತಲು ನೋಡುತ್ತದೆ. ಡಿಸ್ಕ್ ಗಿರಗಿರನೆ ತಿರುಗುತ್ತಿರುವುದರಿಂದ ಆ ಒತ್ತಡ ಪಕ್ಕಕ್ಕೆ ವಾಲುವಿಕೆಯಾಗಿ ಹೊರಬರುತ್ತದೆ: ಮೊದಲು ಬಲಕ್ಕೆ, ಕೊನೆಗೆ ಎಡಕ್ಕೆ. ಬಡಿದು ಬಡಿದು ಅಂಚು ತಗ್ಗಿ ದುಂಡಗಾದರೆ ಬಲದ ವಾಲು ಹೆಚ್ಚುತ್ತದೆ, ಎಡದ್ದು ಕುಗ್ಗುತ್ತದೆ. ಈ ರಾಕ್‌ನ ಮೆದುವಾದ ಡಿಎಕ್ಸ್ ಎಂಬ ಬಗೆಯ ಪ್ಲಾಸ್ಟಿಕ್ ಇದನ್ನು ಬೇಗ ಕಲಿಯುತ್ತದೆ. ಮೊದಲ ವರ್ಷ ಎದುರುಗಾಳಿಗೆಂದು ಇಟ್ಟುಕೊಂಡಿದ್ದ ಡಿಸ್ಕ್ ಮೂರನೇ ವರ್ಷಕ್ಕೆ ಗೆರೆ ಎಳೆದಂತೆ ನೇರವಾಗಿ ಹೋಗುತ್ತಿತ್ತು. ಕೊನೆಕೊನೆಗೆ ಎಡಕ್ಕೆ ವಾಲಿಸಿ ಎಸೆದರೆ ಗಾಳಿಯಲ್ಲೇ ಎದ್ದು ಸಮನಾಗಿ, ಸದ್ದಿಲ್ಲದೆ ಬಲಕ್ಕೆ ಜಾರುತ್ತಿತ್ತು. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಒಂದು ಕಚ್ಚು ಇತ್ತು, ನೆನಪಿದೆಯೇ? ನನ್ನ ತೋರುಬೆರಳು ನೋಡದೆಯೇ ಅದನ್ನು ಹುಡುಕಿಕೊಳ್ಳುತ್ತಿತ್ತು.

ಅದೇ ಅಚ್ಚಿನ, ಅದೇ ಪ್ಲಾಸ್ಟಿಕ್ಕಿನ, ಅದೇ 175 ಗ್ರಾಂ ತೂಕದ ಹೊಸದನ್ನು ಕೊಂಡೆ. ಮೊದಲ ಎಸೆತವೇ ಎಡಗಡೆಯ ಪೊದೆಗೆ ಹೋಯಿತು. ಎರಡನೆಯದೂ ಅಲ್ಲಿಗೇ. ಆಗ ಹೊಳೆಯಿತು: ಎಂಟು ವರ್ಷದಲ್ಲಿ ಡಿಸ್ಕ್ ಒಂದೇ ಪಳಗಿದ್ದಲ್ಲ, ನನ್ನ ಕೈಯೂ ಅದರ ಸವೆತಕ್ಕೆ ಹೊಂದಿಕೊಂಡು ದಿನದಿನಕ್ಕೆ ಒಂದಿಷ್ಟು ವಾಲುತ್ತಾ ಬಂದಿತ್ತು. ನೇರ ಎಸೆತ ನನ್ನದು ಎಂದುಕೊಂಡಿದ್ದೆ. ಅದರಲ್ಲಿ ಅರ್ಧ ಆ ರಾಕ್‌ನದು.

ಇಷ್ಟಕ್ಕೇ ನಿಲ್ಲಿಸಬೇಕೆಂದು ಬರೆಯಲು ಕುಳಿತೆ. ಆಗುತ್ತಿಲ್ಲ.

ಆ ರಾತ್ರಿ ಹೊಸ ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು, ಸ್ಯಾಂಡ್‌ಪೇಪರಿನಿಂದ ಅಂಚನ್ನು ಉಜ್ಜಿದೆ. ಗೀರನ್ನೋ ಅಚ್ಚಿನಲ್ಲಿ ಉಳಿದ ಒರಟನ್ನೋ ಮಿತವಾಗಿ ನುಣುಪು ಮಾಡಿಕೊಳ್ಳಲು ಈ ಆಟದ ಸಂಘವಾದ ಪಿಡಿಜಿಎಯ ನಿಯಮ ಬಿಡುತ್ತದೆ, ಹಾರಾಟ ಬದಲಾಗುವಂತೆ ತಿದ್ದಲು ಬಿಡುವುದಿಲ್ಲ. ಮರ ಜಜ್ಜಿದರೆ ಒಪ್ಪು, ನಾನು ಉಜ್ಜಿದರೆ ತಪ್ಪು. ಗೊತ್ತಿದ್ದೂ ಉಜ್ಜಿದೆ, ಬಿಳಿಪುಡಿ ಉದುರುವಷ್ಟು. ಎಂಟು ವರ್ಷವನ್ನು ಒಂದೇ ರಾತ್ರಿಯಲ್ಲಿ ಮರಳಿ ಪಡೆಯಬೇಕೆಂಬ ಹಂಬಲ ಗೆಳೆಯ, ಬೇರೇನಲ್ಲ. ನೀನು ಜೊತೆಗಿದ್ದ ವರ್ಷಗಳೂ ಅದರಲ್ಲೇ ಇದ್ದವಲ್ಲ.

ಉಜ್ಜಿದ ಡಿಸ್ಕ್ ಬಲಕ್ಕೆ ವಾಲುವುದನ್ನು ಕಲಿತಿತ್ತು, ಮರಳಿ ಬರುವುದನ್ನು ಕಲಿತಿರಲಿಲ್ಲ. ಆದರೂ ಆ ವಾರದ ಸ್ಪರ್ಧೆಯಲ್ಲಿ ಅದನ್ನೇ ಎಸೆದೆ. ಒಂದು ಎಸೆತದ ಅಂತರದಲ್ಲಿ ಮೂರನೆಯವನಾದೆ. ನಾಲ್ಕನೆಯವನಾದ ಹುಡುಗ ನಗುತ್ತಾ ಬಂದು ಕೈಕುಲುಕಿದ. ನನ್ನ ಬೆರಳುಗಳಲ್ಲಿ ಇನ್ನೂ ಆ ಪುಡಿಯ ಒರಟು ಇದ್ದಂತೆ ಅನಿಸಿತು. ಅವನಿಗೆ ಹೇಳಲಿಲ್ಲ. ಅವನೂ ಇದನ್ನು ಓದಬಹುದು. ಓದಲಿ, ಮೂರನೇ ಸ್ಥಾನ ಅವನದೇ. ಸಂಘಟಕರಿಗೆ ನಾಳೆ ನಾನೇ ಹೇಳುತ್ತೇನೆ.

ಅದಿರಲಿ. ಇನ್ನೊಂದು ರಾಕ್ ಬಂದಿದೆ, ಕಿತ್ತಳೆ ಬಣ್ಣದ್ದು. ಈ ಸಲ ಅದರ ಅಂಚನ್ನು ಮರಗಳಿಗೇ ಒಪ್ಪಿಸಿದ್ದೇನೆ. ನಿನ್ನೆ ಏಳನೇ ಬುಟ್ಟಿಯಲ್ಲಿ ಮೊದಲ ಗೀರು ಬಿತ್ತು. ಕಾಗೆ ಅಲ್ಲೇ ಕೂತಿತ್ತು, ನಿನ್ನನ್ನು ಕೇಳಿದಂತಿತ್ತು. ಯಾವಾಗ ಬರುತ್ತೀಯೆ?

ನಿನ್ನವನೇ,
ಎಡಪೊದೆಯ ಯಜಮಾನ